ಎ, ಇ, ಐ, ಓ, ಯು ವಿರುದ್ಧ ನನ್ನ ವಾದ

ಇಂಗ್ಲಿಷಿನ ಐದು ಸ್ವರಾಕ್ಷರಗಳ ಮೇಲೆ ನನಗೆ ಮೊದಲಿಂದಲೂ ಅನುಮಾನ. ನಮ್ಮ ಅ ಆ ಇ ಈಗಳು ಮರ್ಯಾದಸ್ಥರು. ಹೆಸರು ಯಾವುದೋ ದನಿಯೂ ಅದೇ. ಈ ಐವರು ಹಾಗಲ್ಲ. ಮೊದಲನೆಯವನ ಹೆಸರು ಎ, ಆ್ಯಪಲ್‌ಗೆ ಹೋದರೆ ಆ್ಯ ಅನ್ನುತ್ತಾನೆ. ಎರಡನೆಯವನ ಹೆಸರು ಇ, ಎಗ್ಗಿನಲ್ಲಿ ಎ ಅನ್ನುತ್ತಾನೆ. ಐ ಎಂದು ಹೆಸರಿಟ್ಟುಕೊಂಡವನು ಇಂಕಿನಲ್ಲಿ ಇ ಅನ್ನುತ್ತಾನೆ. ಒಬ್ಬನ ಹಾಜರಿಗೆ ಇನ್ನೊಬ್ಬ ‘ಎಸ್ ಸಾರ್’ ಅನ್ನುವ ಕ್ಲಾಸುಗಳನ್ನು ನಾನೂ ಕಂಡಿದ್ದೇನೆ, ಅಂಥವರನ್ನು ನಂಬಬಾರದು.

ಆದರೂ ಇವರ ಜೊತೆ ರಾಜಿಯಾಗಬೇಕಾಯಿತು, ಹೊಟ್ಟೆಪಾಡಿಗೆ. ಡಿಗ್ರಿ ಮುಗಿದಿತ್ತು. ಕನ್ನಡ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಲ್ಲಿ ಅಮ್ಮ ಸಾಸಿವೆ, ಜೀರಿಗೆ ತುಂಬಿಟ್ಟಿದ್ದಳು. ರಾಬರ್ಟ್‌ಸನ್‌ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಎಲ್‌ಕೆಜಿ ಮಿಸ್ ಬೇಕಾಗಿತ್ತು. ಸ್ವರಾಕ್ಷರಗಳ ಮೇಲೆ ಒಂದು ಡೆಮೊ ಕ್ಲಾಸ್ ಮಾಡಿ ತೋರಿಸಬೇಕು. ಅದು ತಪ್ಪಿದರೆ ಚಿಕ್ಕಮ್ಮನ ಜೊತೆ ಕತ್ತಲಲ್ಲೇ ಎದ್ದು, ಬಂಗಾರಪೇಟೆಯಲ್ಲಿ ರೈಲು ಹಿಡಿದು, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ರೈಲಿನಲ್ಲಿ ವಾದ ಮಾಡುವುದಿರಲಿ, ಕೈ ಎತ್ತುವುದಕ್ಕೂ ಜಾಗವಿಲ್ಲ.

ಪೇಟೆಯಲ್ಲಿ ಮೊಬೈಲ್ ಅಂಗಡಿಯ ಮಹಡಿ ಮೇಲೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರ ಬಳಿ ಸೇರಿದೆ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಹುಟ್ಟಿ ಬೆಳೆದ ತಮಿಳರು. ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ನಮ್ಮ ಕ್ಯಾಸಂಬಳ್ಳಿ ಕಡೆ ಎಮ್ಮೆ ಯಾವತ್ತೂ ಯಮ್ಮೆಯೇ. ಹಾಗಾಗಿ ನನ್ನ ಬಾಯಲ್ಲಿ ಎಗ್ಗು ‘ಯೆಗ್ಗು’ ಆಗುತ್ತಿತ್ತು.

“ಎನ್ನಮ್ಮಾ ಇದು! ಮೊಟ್ಟೆ ಒಳಗೆ ಯಾಕೆ ಎಮ್ಮೆ ನುಗ್ಗಿಸ್ತೀಯಾ?”

“ಸಾರ್, ಇ ಅನ್ನೋ ಅಕ್ಷರ ಹೋಗಿ ಎ ಅನ್ಬೋದು, ನಾನು ಯೆ ಅನ್ಬಾರ್ದಾ? ಯಾವ ನಿಯಮ ಇದು?”

“ನಿಯಮ ಕೇಳ್ಬೇಡಮ್ಮಾ, ಬಾಯಿ ತೆರಿ.”

ಅವರ ಬಳಿ ಇದ್ದ ಏಕೈಕ ಆಧಾರಗ್ರಂಥವೆಂದರೆ ಒಂದು ಕೈಗನ್ನಡಿ. ಅದನ್ನು ಹಿಡಿದು, ದವಡೆ ಇಳಿಸಿ, ತುಟಿ ಅಗಲಿಸಿ ಆ್ಯ, ಎ, ಇ ಅನ್ನಬೇಕು. ಮನೆಯಲ್ಲೂ ಅದೇ ಅಭ್ಯಾಸ. ಟೊಮೇಟೊ ತೋಟದ ಕೂಲಿ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ನಿಂತಳು.

“ಯಾಕಮ್ಮೀ, ಅಲ್ಲು ನೋಯ್ತೈತಾ?”

“ಇಲ್ಲಮ್ಮ, ಇಂಗ್ಲಿಷು.”

“ಉಪ್ಪುನೀರು ಮುಕ್ಕಳ್ಸು. ಎಲ್ಲಾಕೂ ಒಳ್ಳೇದು.”

ಡೆಮೊ ದಿನ ಹೆಡ್‌ಮಿಸ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಕೂತರು. ನಮ್ಮ ಕಡೆಯ ಎಲ್‌ಕೆಜಿಯಲ್ಲಿ ಒಂದು ಪದ್ಧತಿಯಿದೆ: ಮಿಸ್ ಏನಂದರೂ ಮಕ್ಕಳು ಒಟ್ಟಿಗೆ ಕೂಗಿ ತಿರುಗಿ ಹೇಳಬೇಕು. ಅರ್ಥ ಗಿರ್ಥ ಆಮೇಲೆ. ನಾನು ಎ ಎಂದೆ, “ಎ!” ಎಂದವು. ಆ್ಯಪಲ್ ಆಯಿತು, ಎಗ್ಗೂ ಆಯಿತು, ಎಮ್ಮೆ ಹೊರಗೇ ಉಳಿಯಿತು. ಕೆಲಸ ಸಿಕ್ಕಿತೆಂದೇ ಅಂದುಕೊಂಡೆ. ಆಗ ಹೆಡ್‌ಮಿಸ್ಟ್ರೆಸ್ ಬಾಯಿ ಬಿಟ್ಟರು.

“ಲೆಟರ್ ಹೆಸರು ಎ ಅಂತೀರಿ, ಆಮೇಲೆ ಆ್ಯಪಲ್ ಅಂತೀರಿ. ಯಾಕೆ ಹಂಗೆ ಅಂತ ಪೇರೆಂಟ್ಸ್ ಕೇಳಿದ್ರೆ ಏನ್ ಹೇಳ್ತೀರಾ ಮಿಸ್?”

ಅಷ್ಟು ದಿನ ನಾನೇ ಎಸೆಯುತ್ತಿದ್ದ ಕಲ್ಲು! ಪ್ರಶ್ನೆ ಬಿದ್ದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಬಲಗೈ ಮೇಲೆದ್ದಿತು.

“ಮಾನ್ಯ ಅಧ್ಯಕ್ಷರೇ,” ಎಂದೆ.

“ಮಾನ್ಯ ಅಧ್ಯಕ್ಷರೇ!” ಎಂದಿತು ಎಲ್‌ಕೆಜಿ.

“ಅಯ್ಯೋ, ಇದಲ್ಲ.”

“ಅಯ್ಯೋ, ಇದಲ್ಲ!”

“ಸುಮ್ನಿರ್ರೋ!”

“ಸುಮ್ನಿರ್ರೋ!”

ಎಷ್ಟೋ ವೇದಿಕೆಗಳಲ್ಲಿ ಬೆವರು ಸುರಿಸಿ ವಾದಿಸಿದರೂ ಸಿಗದ ಸರ್ವಾನುಮತ ಇಲ್ಲಿ ಪುಕ್ಕಟೆ ಸಿಗುತ್ತಿತ್ತು. ಬಾಯಿ ತೆರೆಯಲು ಭಯವಾಯಿತು. ಕೊನೆಗೆ ಸದ್ದಿಲ್ಲದೆ ದವಡೆ ಮಾತ್ರ ಇಳಿಸಿದೆ. ಅಷ್ಟೂ ಮಕ್ಕಳ ದವಡೆಗಳು ಇಳಿದವು. ಅದೇ ಬಾಯಿಂದ “ಆ್ಯ” ಎಂದೆ. ಕಿಟಕಿಯ ಪಾರಿವಾಳ ಹಾರಿಹೋಗುವಂತೆ ಅವೂ “ಆ್ಯ” ಎಂದವು, ಒಂದೂ ತಪ್ಪಲಿಲ್ಲ.

ವಾದವನ್ನು ಅಲ್ಲಿಗೆ ಬಿಟ್ಟೆ. “ಯಾಕೆ ಅಂತ ನಂಗೂ ಗೊತ್ತಿಲ್ಲ ಮೇಡಂ,” ಎಂದೆ. ಬಾಯಿ ಹೇಗೆ ತೆರೀಬೇಕು ಅಂತ ಮಾತ್ರ ಗೊತ್ತು ಎಂದು ಸೇರಿಸುವಷ್ಟರಲ್ಲಿ ಮಕ್ಕಳು ಹಿಂದಕ್ಕೆ ತಿರುಗಿದ್ದವು.

“ಯಾಕೆ ಅಂತ ನಂಗೂ ಗೊತ್ತಿಲ್ಲ ಮೇಡಂ!”

ಹೆಡ್‌ಮಿಸ್ಟ್ರೆಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು, ನಗುವೋ ಕೋಪವೋ ತಿಳಿಯಲಿಲ್ಲ. ಆಮೇಲೆ ಎದ್ದು, “ಸರಿ ಮಿಸ್, ಫೋನ್ ಮಾಡ್ತೀವಿ,” ಎಂದರು. ಕೆಲಸ ಹುಡುಕಿದ ಯಾರಿಗಾದರೂ ಈ ಮಾತಿನ ಅರ್ಥ ಗೊತ್ತು: ಮಾಡುವುದಿಲ್ಲ. ಕಣ್ಣಮುಂದೆ ಬಂಗಾರಪೇಟೆಯ ಪ್ಲಾಟ್‌ಫಾರಂ ಹಾದುಹೋಯಿತು.

ಆದರೆ ಪದ್ಧತಿ ಅಂದರೆ ಪದ್ಧತಿ, ಹುರುಪೇರಿದ ಮಕ್ಕಳಿಗೆ ಈಗ ಹೆಡ್‌ಮಿಸ್ಟ್ರೆಸ್ಸೂ ಮಿಸ್ಸೇ. “ಫೋನ್ ಮಾಡ್ತೀವಿ!” ಎಂದು ಇಡೀ ಕ್ಲಾಸು ಮಾತು ಕೊಟ್ಟಿತು.

“ಸಾಕ್ಷಿಗಳಿದ್ದಾರೆ ಮೇಡಂ,” ಎಂದೆ. ಈ ಸಲ ಅವರು ಸೆರಗು ತೆಗೆದೇ ನಕ್ಕರು.

ಫೋನ್ ಬಂತು. ಚಿಕ್ಕಮ್ಮ ಒಬ್ಬಳೇ ರೈಲು ಹತ್ತಿದಳು. ಮೊದಲ ದಿನ ಬೆಳಗ್ಗೆ ಹೊಸ ಸೀರೆಯುಟ್ಟು ಕ್ಲಾಸಿನ ಬಾಗಿಲಲ್ಲಿ ನಿಂತು, “ಗುಡ್ ಮಾರ್ನಿಂಗ್ ಮಿಸ್” ಕೇಳಿಸಿಕೊಳ್ಳಲು ಮುಖ ಸಿದ್ಧಮಾಡಿಕೊಂಡೆ. ಮಕ್ಕಳು ಎದ್ದು ನಿಂತು, ಬಲಗೈ ಮೇಲೆತ್ತಿ, ದವಡೆ ಪೂರ್ತಿ ಇಳಿಸಿ ಕೂಗಿದವು:

“ಮಾನ್ಯ ಅಧ್ಯಕ್ಷರೇ!”

ಉಚ್ಚಾರಣೆಯಲ್ಲಿ ಒಂದು ತಪ್ಪೂ ಇರಲಿಲ್ಲ.