ಆಪಾಳ ಕೈಗೆ ಗೊತ್ತಿದ್ದ ಬಿಸಿ

ಕೋಟೆಯಲ್ಲಿ ಸುಲ್ತಾನರಿದ್ದ ಆ ಕಾಲದಲ್ಲಿ ಅದರ ಹೊರಗಿನ ಗಂಜಾಂ ಪೇಟೆಯ ನಮ್ಮ ಓಣಿ ರೊಟ್ಟಿಯ ಘಮಕ್ಕೇ ಕಣ್ಣು ಬಿಡುತ್ತಿತ್ತು. ರೊಟ್ಟಿ ಸುಟ್ಟು ಮಾರುವುದು ನಮ್ಮ ಅಬ್ಬಾನ ಕಸುಬು. ಹಿತ್ತಲಲ್ಲಿ ನೆಲಕ್ಕೆ ಹೂತ ತಂದೂರು ಒಲೆ, ದೊಡ್ಡ ಗುಡಾಣದಂಥದ್ದು. ತಳದಲ್ಲಿ ಕೆಂಡ, ಒಳಗೋಡೆಗೆ ಅಂಟಿಸಿದ ರೊಟ್ಟಿ. ಬಿಸಿ ಕಮ್ಮಿಯಾದರೆ ರೊಟ್ಟಿ ಜಾರಿ ಬೂದಿಗೆ ಬೀಳುತ್ತಿತ್ತು. ಹೆಚ್ಚಾದರೆ ಮೇಲೆಲ್ಲ ಕರಿ, ಒಳಗೆ ಹಸಿ ಹಿಟ್ಟು.

ಆ ಬಿಸಿ ನೋಡುವುದು ನನ್ನಕ್ಕನ ಕೆಲಸ. ಅವಳನ್ನು ಆಪಾ ಅನ್ನುತ್ತಿದ್ದೆ. ಬಳೆ ತೆಗೆದಿಟ್ಟು, ಬರಿಗೈಯನ್ನು ಮೊಣಕೈವರೆಗೂ ಒಲೆಯೊಳಗೆ ಇಳಿಸಿ ನಿಲ್ಲುತ್ತಿದ್ದಳು. ತಾಳಲಾಗದೆ ಬೇಗ ಎಳೆದುಕೊಂಡರೆ ಗೋಡೆಗೆ ಉಪ್ಪುನೀರು ಚಿಮುಕಿಸಿ, ತಳದ ಗಾಳಿಕಿಂಡಿಗೆ ಒದ್ದೆ ಗೋಣಿ ತುರುಕುವಳು. ಕೈ ಆರಾಮಾಗಿಯೇ ಇದ್ದರೆ ಕಿಂಡಿ ತೆರೆದು ಇನ್ನಷ್ಟು ಸೌದೆ ಹಾಕುವಳು. ಅವಳು ಊಂ ಅಂದ ಮೇಲೆಯೇ ಅಬ್ಬಾ ಹಿಟ್ಟು ತಟ್ಟುತ್ತಿದ್ದುದು.

"ನಾನೂ ಕೈ ಇಡ್ಲಾ ಆಪಾ?" ಅಂದರೆ ಗದರುತ್ತಿದ್ದಳು.

"ಸುಮ್ಕೆ ಕೂತ್ಕೊ. ನಾನಿಲ್ವಾ?"

ನಾನು ದೊರೆಮಗಳ ಹಾಗೆ ಕೂತು, ಮೊದಲ ರೊಟ್ಟಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದೆ.

ಒಂದು ಚಳಿಗಾಲ ಆಪಾಳನ್ನು ನೋಡಲು ನಾಗಮಂಗಲದಿಂದ ಹುಡುಗನ ತಾಯಿ ಬಂದರು. ಆಪಾ ಅವರ ಮುಂದೆ ತಟ್ಟೆ ಇಡುವಾಗ ಕುಪ್ಪಸದ ತೋಳು ಮೇಲೆ ಸರಿದು ಸುಟ್ಟ ಕಲೆಗಳು ಕಂಡವು.

"ಕೈ ಯಾಕೆ ಬೇಟಿ ಇಂಗಾಗದೆ?"

"ಒಲೆ ನೋಡಿ ನೋಡಿ ಅಂಗಾಗೋಯ್ತು," ಎಂದಳು ಅಮ್ಮಿ, ಮೆಲ್ಲಗೆ.

ಆ ತಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಹೊರಡುವಾಗ ನನ್ನ ಕೈ ಹಿಡಿದು, ತಿರುಗಿಸಿ ನೋಡಿದರು. "ಈ ಮಗೀನ ಕೈ ಬೆಣ್ಣೆ ಇದ್ದಂಗದೆ. ಇವಳ್ನೇ ಕೊಟ್ಬುಡಿ. ದೊಡ್ಡೋಳಾಗೋಗಂಟ ಕಾಯ್ತೀವಿ."

ಒಳ್ಳೆಯ ಮನೆತನ, ಕೈಬಿಡಬಾರದೆಂದು ಅಬ್ಬಾ ಒಪ್ಪಿಬಿಟ್ಟ. ಆಪಾಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನನ್ನ ನಿಶ್ಚಯದ ಊಟಕ್ಕೆ ರೊಟ್ಟಿಯ ಬಿಸಿ ನೋಡಿದವಳೂ ಅವಳೇ. ನಾನು ಹಿತ್ತಲಿಗೆ ಓಡಿ, "ನಂಗೆ ಬ್ಯಾಡ ಆಪಾ, ನೀನೇ ಓಗು," ಎಂದು ಬಿಕ್ಕಿದೆ. ಅವಳು ಒಲೆಯಿಂದ ಕೈ ತೆಗೆಯಲಿಲ್ಲ.

"ಅಳಬ್ಯಾಡ ಕಣೆ. ಬಿಸಿ ತಪ್ಪೋಯ್ತದೆ."

ನೆಂಟರೆಲ್ಲ ರೊಟ್ಟಿ ಹೊಗಳಿ ಹೊಗಳಿ ತಿಂದರು. ನನ್ನ ರೊಟ್ಟಿ ತಟ್ಟೆಯಲ್ಲೇ ಆರಿಹೋಯಿತು.

ಕೋಟೆ ಬಿದ್ದ ವರ್ಷ ಆ ಓಣಿಯೇ ಬರಿದಾಯಿತು. ಮದುವೆಯಾಗದೆ ಉಳಿದಿದ್ದ ಆಪಾ ಅದೇ ವರ್ಷ ಜ್ವರದಲ್ಲಿ ಹೋದಳು. ನಿನ್ನದೇನು ತಪ್ಪು, ನೀನಾಗ ಮಗು ಅನ್ನುತ್ತಾರೆ. ಇರಬಹುದು. ಆದರೂ ಈ ಸಂಸಾರ, ಈ ಮಕ್ಕಳು, ಎಲ್ಲವನ್ನೂ ಅವಳಿಂದ ಕದ್ದು ತಂದ ಹಾಗೆಯೇ ಅನ್ನಿಸುತ್ತದೆ. ಅಂಥ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ. ನಾಗಮಂಗಲದ ನಮ್ಮ ತಂದೂರಿನಲ್ಲಿ ಒಂದು ದಿನ ರೊಟ್ಟಿ ಹಸಿ, ಒಂದು ದಿನ ಸೀದು ಕರಿ. ಮನೆಯವರು ಗೊಣಗುತ್ತಾರೆ. ಗೊಣಗಲಿ. ನಾನಿರುವವರೆಗೆ ಈ ಮನೆಯ ಯಾವ ಹುಡುಗಿಯೂ ಒಲೆಯೊಳಗೆ ಕೈ ಇಡುವುದಿಲ್ಲ.