ಮಗಳ ಬಾಯಲ್ಲಿದ್ದ ಬ್ಯಾಡ್ಜ್

ಒಂದೂವರೆ ವರ್ಷದ ಮಗಳು ಬಾಯಲ್ಲಿ ಕಚ್ಚಿಕೊಂಡಿದ್ದನ್ನು ಕಸಿದು ನೋಡಿದೆ. ಅದು ನನ್ನ ಗಂಡ ಕೆಲಸದ ವೇಳೆ ಎದೆಗೆ ಹಾಕಿಕೊಳ್ಳುವ ವಿಕಿರಣದ ಬ್ಯಾಡ್ಜ್. ತೈಲ ಬಾವಿಗಳೊಳಗೆ ವಿಕಿರಣ ಸೂಸುವ ನ್ಯೂಟ್ರಾನ್ ಉಪಕರಣ ಇಳಿಸಿ ಕಲ್ಲಿನ ಪದರಗಳನ್ನು ಪರೀಕ್ಷಿಸುವುದು ಅವರ ಕೆಲಸ. ರಜೆಗೆ ಮಸ್ಕಿಯ ಮನೆಗೆ ಬರುವಾಗ ಬ್ಯಾಡ್ಜನ್ನು ಕೆಲಸದ ಜಾಗದಲ್ಲೇ ಬಿಟ್ಟುಬರಲು ಮರೆತಿದ್ದರು.

ಲಿಂಗಸುಗೂರಿನ ಆಸ್ಪತ್ರೆಗೆ ಹೋಗೋಣವೆಂದು ಮಗಳನ್ನು ಎತ್ತಿಕೊಂಡು ಓಡಿದೆ. ಗಂಡ ಮನೆಯ ಬಾಗಿಲಲ್ಲೇ ತಡೆದರು.

“ಅಂಜಬ್ಯಾಡ. ಅದ್ರಾಗಿಂದ ಏನೂ ಹೊರಗ ಬರಂಗಿಲ್ಲ. ನನ್ನ ಮೈಗೆ ತಾಕಿದ ವಿಕಿರಣದ ಗುರುತು ಒಳಗಿನ ಹರಳಿನ್ಯಾಗ ಉಳಿತೈತಿ. ಲ್ಯಾಬಿನ್ಯಾಗ ಕಾಸಿದ್ರ ಹರಳು ಬೆಳಗತೈತಿ. ಆ ಬೆಳಕು ಅಳದು ಎಷ್ಟು ತಾಕೈತಿ ಅಂತ ಹೇಳ್ತಾರ.”

ಮಗಳನ್ನು ಕೆಳಗಿಳಿಸಿದೆ.

“ಹಂಗಾರ ನಿಮಗ ಎಷ್ಟು ತಾಕೈತ್ರೀ?”

“ವರದಿ ಬಂದ ಮ್ಯಾಲೆ ಗೊತ್ತಾಕೈತಿ” ಎಂದು ಅವರು ಮಗಳನ್ನು ಆಡಿಸತೊಡಗಿದರು. ನನ್ನ ಮುಖ ನೋಡಲಿಲ್ಲ.

ಆಮೇಲೆ ಬಂದ ವರದಿ ಮಿತಿಯೊಳಗೇ ಇತ್ತಂತೆ. ನಂಬಿದ್ದೇನೆ. ಆದರೆ ಇಷ್ಟು ವರ್ಷ ಅವರ ಫೋನ್ ಬಂದರೆ ಮೊದಲು ಊಟ ಆಯಿತೇ ಎಂದು ಕೇಳುತ್ತಿದ್ದವಳು ಈಗ ಮೂರು ತಿಂಗಳಿಗೊಮ್ಮೆ ಬರುವ ಬ್ಯಾಡ್ಜಿನ ಮುಂದಿನ ವರದಿ ಬಂತೇ ಎಂದು ಕೇಳುತ್ತೇನೆ. ಅವರು “ಇನ್ನಾ ಬಂದಿಲ್ಲ” ಎಂದ ದಿನ ನನಗೆ ಊಟ ಸೇರುವುದಿಲ್ಲ.