ಫ್ಯಾಮಿಲಿ ರೂಮಿನ ಆಫೀಸರು

ನನ್ನ ಮಾವನ ಸೊಂಟದ ಬಲಭಾಗದಲ್ಲಿ, ಮುಂಡು ಬಿಗಿಯುವ ಜಾಗಕ್ಕೆ ಸರಿಯಾಗಿ, ಒಂದು ಕಪ್ಪು ಗುರುತು ಇತ್ತು. ಅಲ್ಲಿ ಚರ್ಮ ದಪ್ಪಗಾಗಿ, ಮುಟ್ಟಿದರೆ ಒರಟಾಗಿ ಸಿಗುತ್ತಿತ್ತು. ನಮ್ಮ ಕುಟುಂಬದ ಮನೆಯ ಕೀಲಿಕೈ ಗೊಂಚಲು ವರ್ಷಗಟ್ಟಲೆ ಉಜ್ಜಿ ಉಜ್ಜಿ ಆದ ಗುರುತು ಅದು. ಅಕ್ಕಿ ಕೋಣೆಯದು, ಪಾತ್ರೆ ಕೋಣೆಯದು, ದಸ್ತಾವೇಜು ಇಟ್ಟ ಕಬ್ಬಿಣದ ಪೆಟ್ಟಿಗೆಯದು, ಎಲ್ಲವೂ ಆ ಗೊಂಚಲಿನಲ್ಲಿದ್ದವು. ಮನೆ ಪಾಲಾಗಿ ಗೊಂಚಲು ಬೇರೆಯವರ ಕೈಗೆ ಹೋದ ಮೇಲೂ, ಎಲ್ಲಿಗಾದರೂ ಹೊರಡುವಾಗ ಮಾವನ ಬಲಗೈ ಒಮ್ಮೆ ಸೊಂಟಕ್ಕೆ ಹೋಗುತ್ತಿತ್ತು. ಏನೂ ಸಿಗದೆ ಹಿಂದೆ ಬರುತ್ತಿತ್ತು. ನೋಡಿದವರು ಮುಂಡು ಸರಿಮಾಡಿಕೊಂಡರು ಎಂದುಕೊಳ್ಳಬೇಕು, ಅಷ್ಟೇ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ನಮ್ಮಲ್ಲಿ ಅಳಿಯಸಂತಾನ. ಹೊರಗಿನವರಿಗೆ ಬಿಡಿಸಿ ಹೇಳುವುದಾದರೆ, ಆಸ್ತಿ ಹೆಣ್ಣುಮಕ್ಕಳ ದಾರಿಯಲ್ಲಿ ಹೋಗುತ್ತದೆ, ಕೀಲಿಕೈ ಮಾತ್ರ ಅವರ ಅಣ್ಣನ ಸೊಂಟದಲ್ಲಿರುತ್ತದೆ. ಅವನೇ ಯಜಮಾನ. ಅವನ ಹೆಂಡತಿ ಮಕ್ಕಳು ಅವನ ಮನೆಗೆ ಸೇರಿದವರಲ್ಲ, ಹೆಂಡತಿಯ ತಾಯಿಮನೆಗೆ ಸೇರಿದವರು. ಐವತ್ತರ ದಶಕದಲ್ಲಿ ನಮ್ಮ ಕಡೆ ಮನೆ ಮನೆಯಲ್ಲೂ ಪಾಲಿನ ಮಾತು ಎದ್ದಿತು. ನಮ್ಮಲ್ಲೂ ಎದ್ದಿತು. ದೊಡ್ಡ ಮನೆ ದೊಡ್ಡಮ್ಮನ ಮಕ್ಕಳಿಗೆ ಹೋಯಿತು. ನನ್ನ ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ನನಗೂ ನನ್ನ ಅಣ್ಣನಿಗೂ ಬಂದದ್ದು ಒಕ್ಕಲುಗಳ ಕೈಯಲ್ಲಿದ್ದ ಒಂದಿಷ್ಟು ಗದ್ದೆ. ಅಣ್ಣ ಅದನ್ನು ನೋಡುತ್ತಾ ಕೂರದೆ ಬೊಂಬಾಯಿಗೆ ಹೋಗಿ ಹೋಟೆಲ್ ಕೆಲಸಕ್ಕೆ ಸೇರಿದ.

ಅಷ್ಟು ವರ್ಷ ಎಲ್ಲವನ್ನೂ ನೋಡಿಕೊಂಡ ಮಾವನಿಗೆ ಸಿಕ್ಕಿದ್ದು ಹೊಳೆಬದಿಯ ಒಂದು ತುಂಡು ಗದ್ದೆ. ಅದೂ ಬದುಕಿರುವ ತನಕ. ಅದರಲ್ಲಿ ಬೆಳೆದದ್ದನ್ನು ಉಣ್ಣಬಹುದು, ಆದರೆ ಮಾರುವಂತಿಲ್ಲ, ಯಾರಿಗೂ ಬಿಟ್ಟು ಹೋಗುವಂತಿಲ್ಲ. ಆಗಿನ ಕಾನೂನು ಹಾಗಿತ್ತು. ಗಂಡಸಿನ ಸಂತತಿ ಆ ಮನೆಯಲ್ಲಿ ಮುಂದುವರಿಯುವುದಿಲ್ಲವಲ್ಲ, ಅದಕ್ಕೆ.

ಮಾವ ಒಂದು ಟ್ರಂಕು ಹಿಡಿದು ಮಂಗಳೂರಿಗೆ ಬಂದು, ಹಂಪನಕಟ್ಟೆಯ ಒಂದು ಲಾಡ್ಜಿನ ಮಹಡಿಯಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿದರು. ಹೆಂಡತಿಯ ಮನೆಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗುತ್ತಿದ್ದರು. ಅತ್ತೆಗೂ ಮಕ್ಕಳಿಗೂ ಅವರ ಮೇಲೆ ಪ್ರೀತಿ ಇತ್ತು. ಆದರೆ ಆ ಮನೆಯ ಕೀಲಿಕೈ ಇನ್ನೊಬ್ಬ ಮಾವನ ಸೊಂಟದಲ್ಲಿತ್ತು. ಇವರು ಚಾವಡಿಯಲ್ಲಿ ನೆಂಟರ ಹಾಗೆ ಕೂತು, ಕೊಟ್ಟ ಕಾಫಿ ಕುಡಿದು, ಎರಡನೆಯ ದಿನ 'ಪೇಟೆಯಲ್ಲಿ ಸ್ವಲ್ಪ ಕೆಲಸ ಉಂಟು' ಎಂದು ಹೊರಟುಬಿಡುತ್ತಿದ್ದರು. ಪೇಟೆಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಬೆಳಿಗ್ಗೆ ಲಾಡ್ಜಿನ ಕೆಳಗೆ ನಿಂತು ಬಸ್ಸು ನೋಡುವುದು, ಮಧ್ಯಾಹ್ನ ಊಟ, ಸಂಜೆ ಮತ್ತೆ ಬಸ್ಸು ನೋಡುವುದು.

ನಾನು ಮದರಾಸಿನಲ್ಲಿ ಕಾನೂನು ಓದಿ ಅದೇ ಊರಿಗೆ ಬಂದೆ. ಅತ್ತಾವರದಲ್ಲಿ ನಾಲ್ಕಾರು ನರ್ಸುಗಳು ಸೇರಿ ಹಿಡಿದಿದ್ದ ಮನೆಯಲ್ಲಿ ನನಗೊಂದು ಕೋಣೆ. ಅವರಿಗೆ ಹಗಲು ರಾತ್ರಿ ಪಾಳಿ. ನಾನು ಬಂದಾಗ ಅವರು ಇರುತ್ತಿರಲಿಲ್ಲ, ಅವರು ಬಂದಾಗ ನಾನು ಇರುತ್ತಿರಲಿಲ್ಲ. ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ಮೂಲೆಯ ಮೇಜು ಕೊಟ್ಟಿದ್ದರು. ಕಕ್ಷಿದಾರರು ಒಳಗೆ ಬಂದವರು ನನ್ನನ್ನು ನೋಡಿ, 'ವಕೀಲರು ಇಲ್ವಾ?' ಎಂದು ಕೇಳುತ್ತಿದ್ದರು. ಕಪ್ಪು ಕೋಟು ಹಾಕಿಕೊಂಡು ಕೂತವಳ ಮುಖ ನೋಡಿಯೇ ಕೇಳುತ್ತಿದ್ದರು. ಸಿಟ್ಟು ಬಂದು ಬಂದು ಕೊನೆಗೆ ಸಿಟ್ಟೂ ಬರುವುದು ನಿಂತಿತು. ಎಷ್ಟೋ ದಿನ ಸಂಜೆ ಕೋಣೆಗೆ ಬಂದ ಮೇಲೆ, ಬೆಳಿಗ್ಗೆಯಿಂದ ಯಾರ ಹತ್ತಿರವೂ ನಾಲ್ಕು ಮಾತು ಆಡಿಲ್ಲ ಎಂದು ಗೊತ್ತಾಗುತ್ತಿತ್ತು.

ಆಗ ಪಟ್ಟಣದ ಒಂದು ಬ್ಯಾಂಕಿನವರು ಆಸ್ತಿ ವಕೀಲರು ಬೇಕು ಎಂದು ಕರೆದರು. ಅಡಮಾನಕ್ಕೆ ಬರುವ ಜಾಗದ ದಸ್ತಾವೇಜು ನೋಡಿ, ಹಕ್ಕು ಯಾರದ್ದು ಎಂದು ಹೇಳುವ ಕೆಲಸ. ಸಂದರ್ಶನಕ್ಕೆ ಬರಲು ಕಾಗದವೂ ಬಂತು. ನನಗೆ ಕಾನೂನು ಬರುತ್ತಿತ್ತು. ಆದರೆ ನಾಲ್ಕು ಜನ ಗಂಡಸರು ಎದುರು ಕೂತರೆ ಬಾಯಿ ಒಣಗಿ ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು. ಈ ಕೆಲಸ ನನಗೆ ಬೇಕೇ ಬೇಕಿತ್ತು. ಕೆಲಸ ಸಿಕ್ಕಿದರೆ ಒಂದು ಸಣ್ಣ ಮನೆ ಹಿಡಿಯುವುದು, ಮಾವನ ಟ್ರಂಕು ಲಾಡ್ಜಿನಿಂದ ಇಳಿಸಿಕೊಂಡು ಬರುವುದು, ಇಬ್ಬರೂ ಒಂದೇ ಕಡೆ ಕೂತು ಉಣ್ಣುವುದು. ಆಗ ನನಗಿದ್ದ ಆಸೆ ಅಷ್ಟೇ.

"ಎಂತ ಹೆದರಿಕೆ?" ಎಂದರು ಮಾವ. "ಜೀವಮಾನ ಇಡೀ ಕೋರ್ಟಿಗೆ ಅಲೆದಿದ್ದೇನೆ. ಎಲ್ಲ ನಮೂನೆಯ ಆಫೀಸರನ್ನು ನೋಡಿದ್ದೇನೆ. ನಾನು ಕೇಳ್ತೇನೆ, ನೀನು ಹೇಳು. ಅಭ್ಯಾಸ ಆಗ್ತದೆ."

ಲಾಡ್ಜಿನ ಮಹಡಿಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಸ್ವಂತ ಮಾವ ಎಂದರೂ ಮ್ಯಾನೇಜರು ತಲೆ ಅಲ್ಲಾಡಿಸಿದರು. ಹಾಗಾಗಿ ಕೆಳಗಿನ ಹೋಟೆಲಿನ ಫ್ಯಾಮಿಲಿ ರೂಮೇ ನಮ್ಮ ಸಂದರ್ಶನದ ಕೋಣೆಯಾಯಿತು. ಒಂದು ಮೇಜು, ಎರಡು ಬೆಂಚು, ಎಣ್ಣೆ ಕೈ ಒರೆಸಿ ಒರೆಸಿ ಬಣ್ಣ ಹೋದ ಪರದೆ. ಮಾವ ಕೋರ್ಟಿಗೆ ಹೋಗುವಾಗ ಹಾಕುತ್ತಿದ್ದ ಮುಚ್ಚು ಕೋಟು ಹಾಕಿಕೊಂಡು, ಗುಂಡಿ ಪೂರ್ತಿ ಬಿಗಿದುಕೊಂಡು ಬರುತ್ತಿದ್ದರು. ಗೋಳಿಬಜೆ ತಿನ್ನುವ ತನಕ ನಮ್ಮ ಮಾತು ತುಳುವಿನಲ್ಲಿ. ಪ್ಲೇಟು ಹೋದ ಮೇಲೆ ಕನ್ನಡ.

"ತುಳುವಿನಲ್ಲಿ ಕೇಳಿದರೆ ನಾನು ಮಾವ ಆಗ್ತೇನೆ," ಎಂದರು. "ಕನ್ನಡದಲ್ಲಿ ಕೇಳಿದರೆ ಆಫೀಸರು. ಇಂಗ್ಲಿಷು ನೀನೇ ಮಾಡಿಕೋ, ನನ್ನಿಂದ ಆಗುವುದಿಲ್ಲ."

ಮಾವನ ಮುಚ್ಚು ಕೋಟಿನೊಳಗೆ ಎಂಥೆಂಥ ಆಫೀಸರುಗಳು ಬರುತ್ತಿದ್ದರು ಆ ಬೆಂಚಿನ ಮೇಲೆ! ಒಬ್ಬ ಪ್ರಶ್ನೆ ಕೇಳಿ ತೂಕಡಿಸುವವನು. ಒಬ್ಬ ನನ್ನ ಮುಖ ಬಿಟ್ಟು ತಲೆ ಎತ್ತಿ ಮೇಲಿನ ಮಾಡು ನೋಡುವವನು. ಇನ್ನೊಬ್ಬ, ನಾನು ಅಡಮಾನದ ಕಾನೂನು ಹೇಳುತ್ತಿರುವಾಗ ನಡುವೆ, "ಅದಿರಲಿ, ಮದುವೆ ಯಾವಾಗ?" ಎಂದು ಕೇಳುವವನು. ಇವನ ಪ್ರಶ್ನೆಗೆ ನನಗೆ ನಗು ಬಂದರೆ ಮಾವನಿಗೆ ಸಿಟ್ಟು.

"ನಗಬೇಡ ಮಾರಾಯ್ತಿ. ಅವರು ಖಂಡಿತ ಕೇಳ್ತಾರೆ. ನೀನು, 'ಆಗುವಾಗ ಹೇಳ್ತೇನೆ ಸರ್' ಎಂದು ಹೇಳಿ ಅಡಮಾನಕ್ಕೆ ವಾಪಸು ಬಾ."

ಆದರೆ ಯಾವ ಆಫೀಸರೇ ಬರಲಿ, ಮೊದಲ ಪ್ರಶ್ನೆ ಒಂದೇ. "ಮನೆ ಎಲ್ಲಿ?" ನಮ್ಮೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಮನೆ ಗೊತ್ತಾದರೆ ಜಾತಿ, ಗದ್ದೆ, ಎಷ್ಟು ವ್ಯಾಜ್ಯ ಉಂಟು, ಎಲ್ಲವೂ ಗೊತ್ತಾದ ಹಾಗೆ. ನಾನು ಅಲ್ಲಿಯೇ ಎಡವುತ್ತಿದ್ದೆ. ಮೊದಲು ಇಂಥ ಕಡೆ ಇತ್ತು, ಪಾಲಾಯಿತು, ಈಗ ದೊಡ್ಡಮ್ಮನ ಮಕ್ಕಳು ಇದ್ದಾರೆ, ನಾನು ಸದ್ಯಕ್ಕೆ... ಎಂದು ಉದ್ದಕ್ಕೆ ಎಳೆಯುತ್ತಿದ್ದೆ. ಹೇಳುತ್ತ ಹೇಳುತ್ತ ದನಿ ಸಣ್ಣಗಾಗುತ್ತಿತ್ತು.

ಮಾವ ಮೇಜಿಗೆ ಬಡಿದರು. "ಕತೆ ಯಾರು ಕೇಳಿದ್ದು? ಇವತ್ತು ಸಂಜೆ ಹೋದರೆ ನಿನಗೆ ಎಲ್ಲಿ ಬಾಗಿಲು ತೆಗೀತಾರೆ?"

"ಅತ್ತಾವರದಲ್ಲಿ."

"ಹಾಗಾದರೆ ಅತ್ತಾವರ. ಬೆನ್ನು ನೇರ ಮಾಡಿ ಹೇಳಬೇಕು. ಊರಿನ ಹೆಸರು ಹೇಳಿ ಬಾಯಿ ಮುಚ್ಚಬೇಕು. ಒಂದು ಮಾತು ಹೆಚ್ಚಿಗೆ ಹೇಳಿದೆಯೋ, ನಿನಗೆ ನಾಚಿಕೆ ಉಂಟು ಅಂತ ಅವರಿಗೆ ಗೊತ್ತಾಗ್ತದೆ."

'ನಿಮ್ಮ ಮನೆ ಎಲ್ಲಿ ಮಾವ?' ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಬೇರೆಯವರು ಕೇಳಿದಾಗ ಅವರು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿದ್ದೆ. ಬಾಯಿ ತುಂಬ ಎಲೆ ಇದ್ದವನು ಉತ್ತರ ಕೊಡಬೇಕಾಗಿಲ್ಲ.

ಸಂದರ್ಶನ ಹತ್ತಿರ ಬಂದಾಗ, ಒಂದು ಭಾನುವಾರ ಮಾವ ಕೋಟಿನ ಗುಂಡಿ ಬಿಗಿದು ಹೊಸ ಪ್ರಶ್ನೆ ತೆಗೆದರು. "ಒಬ್ಬ ಯಜಮಾನ. ತಾಯಿ ಇಲ್ಲ. ತಂಗಿಯರ ಮಕ್ಕಳು ಪಾಲು ಮಾಡಿಕೊಂಡರು. ಅವನ ಪಾಲಿಗೆ ಒಂದು ಗದ್ದೆ ಬಂತು. ಅದನ್ನು ಅಡವಿಟ್ಟು ಅವನು ಬ್ಯಾಂಕಿನಿಂದ ಸಾಲ ಕೇಳ್ತಾನೆ. ಕೊಡಬಹುದಾ?"

ನನಗೆ ಆಗ ಉತ್ಸಾಹ. ಪಾಠ ಒಪ್ಪಿಸುವ ಭರದಲ್ಲಿ ಪಟಪಟ ಎಂದೆ. "ಕೊಡಬಾರದು ಸರ್. ಆ ಗದ್ದೆ ಅವನದ್ದಲ್ಲ. ಬದುಕಿರುವ ತನಕ ಅನುಭವಿಸುವ ಹಕ್ಕು ಮಾತ್ರ. ಅವನು ಸತ್ತ ದಿನ ಅದು ವಾಪಸು ಹೋಗ್ತದೆ. ಅವನ ಹತ್ತಿರ ಕೊಡಲಿಕ್ಕೆ ಏನೂ ಇಲ್ಲ."

ಮಾವ ಕಾಫಿ ಲೋಟವನ್ನು ಮೇಜಿನ ಮೇಲೆ ಅತ್ತ ಸ್ವಲ್ಪ ಸರಿಸಿ, ಇತ್ತ ಸ್ವಲ್ಪ ಸರಿಸಿದರು. ಆಮೇಲೆ ತುಳುವಿನಲ್ಲಿ, ಮಾವನ ದನಿಯಲ್ಲಿಯೇ ಹೇಳಿದರು. "ಉತ್ತರ ಸರಿ ಉಂಟು ಮಗಾ. ಪೂರ್ತಿ ಸರಿ. ಆದರೆ ನಿಧಾನ ಹೇಳು. ಅವನು ನಿನ್ನ ಎದುರಿಗೇ ಕೂತಿರಬಹುದು."

ನನಗೆ ಮುಖ ಎತ್ತಲಾಗಲಿಲ್ಲ. ಮಾವ ಸಪ್ಲೈಯರನ್ನು ಕರೆದು ನನಗೆ ಇನ್ನೊಂದು ಬನ್ಸ್ ಹೇಳಿದರು.

ಸಂದರ್ಶನದಲ್ಲಿ ಮೂವರು ಇದ್ದರು. ಮೊದಲನೆಯ ಪ್ರಶ್ನೆ, ದೇವರಾಣೆ, ಮನೆ ಎಲ್ಲಿ ಎಂದೇ. ಅತ್ತಾವರ ಎಂದು ಹೇಳಿ ಬಾಯಿ ಮುಚ್ಚಿದೆ. ಮದುವೆಯ ಮಾತೂ ಬಂತು, 'ಆಗುವಾಗ ಹೇಳ್ತೇನೆ ಸರ್' ಎಂದು ಹೇಳಿ ಅಡಮಾನಕ್ಕೆ ವಾಪಸು ಬಂದೆ. ಪಾಲಾದ ಕುಟುಂಬಗಳ ಆಸ್ತಿಯ ಬಗ್ಗೆಯೂ ಕೇಳಿದರು. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಬ್ಯಾಂಕಿಗೆ ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇರಲಿಲ್ಲ. ನಾನು ನಿಧಾನವಾಗಿ, ಅಲ್ಲಿ ಯಾರೋ ಒಬ್ಬ ಕೂತಿದ್ದಾನೆ ಎಂದೇ ತಿಳಿದು ಹೇಳಿದೆ. ಆ ಮೂವರಲ್ಲಿ ಅಂಥವರು ಇದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸ ಸಿಕ್ಕಿತು.

ಕುಲಶೇಖರದಲ್ಲಿ ಚರ್ಚು ದಾಟಿ ಸ್ವಲ್ಪ ಮುಂದೆ ಒಂದು ಹೆಂಚಿನ ಮನೆ ಬಾಡಿಗೆಗೆ ಇತ್ತು. ಮನೆಯ ಯಜಮಾನರು ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಒಂಟಿ ಹೆಂಗಸು ಎಂದು ಅನುಮಾನಿಸಿದರು.

"ಮನೆಯಲ್ಲಿ ಗಂಡಸರು ಯಾರುಂಟು?" ಎಂದು ಕೇಳಿದರು.

"ಮಾವ ಇದ್ದಾರೆ," ಎಂದೆ.

ಮಾವ ಬಂದು ಅವರೊಂದಿಗೆ ಜಗಲಿಯಲ್ಲಿ ಕೂತು ಸಂಜೆಯವರೆಗೆ ಮಾತಾಡಿದರು. ಮನೆ ಸಿಕ್ಕಿತು. ಆ ಮೇಲೆ ನಾನು ಟ್ರಂಕು ತರಲು ರಿಕ್ಷಾ ಕರೆಯುತ್ತೇನೆ ಎಂದರೆ, "ಬೇಡ ಮಗಾ," ಎಂದರು.

"ಯಾಕೆ ಬೇಡ?"

"ಒಂದು ಮನೆಯಲ್ಲಿ ಇದ್ದು, ಅಲ್ಲಿಂದ ಎದ್ದು ಬಂದಾಯ್ತು. ಇನ್ನೊಮ್ಮೆ ಏಳಲಿಕ್ಕೆ ನನ್ನಿಂದ ಆಗುವುದಿಲ್ಲ. ನಾಳೆ ನಿನಗೆ ಮದುವೆ ಆಗ್ತದೆ, ಇಲ್ಲದಿದ್ದರೆ ಬೇರೆ ಊರಿಗೆ ಹಾಕ್ತಾರೆ. ಲಾಡ್ಜಿನಲ್ಲಿ ಆದರೆ ಯಾರೂ ಏಳು ಅನ್ನುವುದಿಲ್ಲ."

ನಾನು ಜಗಳ ಮಾಡಿದೆ. ಯಾರಿಗೋಸ್ಕರ ಈ ಮನೆ ಹಿಡಿದದ್ದು ಎಂದು ಬಾಯಿಬಿಟ್ಟೇ ಕೇಳಿದೆ. ಮಹಾ ಹಠಮಾರಿ ಮನುಷ್ಯ, ಜಗ್ಗಲಿಲ್ಲ. ಭಾನುವಾರ ಬರುತ್ತಿದ್ದರು. ಚಪ್ಪಲಿಯನ್ನು ನೆಂಟರ ಹಾಗೆ ಮೆಟ್ಟಿಲಿನ ಕೆಳಗೇ ಬಿಡುತ್ತಿದ್ದರು. ಊಟ ಮಾಡಿ, ಚಾಪೆಯ ಮೇಲೆ ಸ್ವಲ್ಪ ಅಡ್ಡಾಗಿ, ಎದ್ದು ಕೂತು, "ಸಂಜೆ ಬಸ್ಸು ತಪ್ಪುತ್ತದೆ," ಎನ್ನುತ್ತಿದ್ದರು. ಬಲಗೈ ಸೊಂಟಕ್ಕೆ ಹೋಗಿ ಬರುತ್ತಿತ್ತು. ಅವರು ಹೋದ ಮೇಲೆ ಆ ಮನೆ ನನಗೆ ಅತ್ತಾವರದ ಕೋಣೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಎರಡು ಬಟ್ಟಲು ತೊಳೆದು ಒಂದನ್ನು ಮುಂದಿನ ಭಾನುವಾರಕ್ಕೆ ಬೋರಲು ಹಾಕುತ್ತಿದ್ದೆ. ಮದುವೆ ಆಗಲಿಲ್ಲ. ಬೇರೆ ಊರಿಗೂ ಹಾಕಲಿಲ್ಲ. ಮಾವನ ಲೆಕ್ಕಾಚಾರ ಎರಡೂ ತಪ್ಪಿತು, ಆದರೂ ಅವರು ಟ್ರಂಕು ಇಳಿಸಲಿಲ್ಲ.

ಕೆಲವು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಲಾಡ್ಜಿನ ಮ್ಯಾನೇಜರು ಬ್ಯಾಂಕಿಗೆ ಫೋನು ಮಾಡಿದರು. ಮಾವನಿಗೆ ಎದೆನೋವು, ಅತ್ತಾವರದ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು. ನಾನು ಹೋದಾಗ ಮಾವ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ನರ್ಸು ಹೆಸರು, ಪ್ರಾಯ ಬರೆದುಕೊಂಡು, "ಮನೆ ಎಲ್ಲಿ ಅಜ್ಜ?" ಎಂದು ಕೇಳಿದಳು.

ಲಾಡ್ಜಿನ ಹೆಸರು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಕಣ್ಣು ಬಿಟ್ಟರು. ಬೆನ್ನು ನೇರ ಮಾಡಲು ನೋಡಿದರು, ಆಗಲಿಲ್ಲ.

"ಕುಲಶೇಖರ," ಎಂದರು. ಕನ್ನಡದಲ್ಲಿ, ಆ ಫ್ಯಾಮಿಲಿ ರೂಮಿನ ಆಫೀಸರ ದನಿಯಲ್ಲಿ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು, ಅವರೇ ಕಲಿಸಿದ ಪಾಠ. ಮುಚ್ಚಲಿಲ್ಲ. "ಚರ್ಚಿನಿಂದ ಸ್ವಲ್ಪ ಮುಂದೆ. ಹಸಿರು ಬಣ್ಣದ ಬಾಗಿಲು. ತಂಗಿಯ ಮಗಳು ಇದ್ದಾಳೆ. ಬ್ಯಾಂಕಿನಲ್ಲಿ ವಕೀಲೆ. ಎದುರಿಗೆ ಒಂದು ಪೇರಳೆ ಮರ ಉಂಟು."

ನರ್ಸು ಮೊದಲನೆಯ ಮಾತನ್ನಷ್ಟೇ ಬರೆದುಕೊಂಡಳು. ಮರುದಿನ ಮಧ್ಯಾಹ್ನ ಮಾವ ತೀರಿಕೊಂಡರು.

ದೊಡ್ಡ ಮನೆಯಿಂದ ದೊಡ್ಡಮ್ಮನ ಮಕ್ಕಳು ಬಂದರು. ಮಾವ ಯಜಮಾನರಾಗಿದ್ದವರು, ಅವರನ್ನು ಅಲ್ಲಿಯ ಅಂಗಳಕ್ಕೇ ತರುವುದು ಕ್ರಮ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಸಿಟ್ಟು ಮಾಡದೆ, ನಿಧಾನವಾಗಿಯೇ ಹೇಳಿದೆ, ಮಾವನ ಮನೆ ಎಲ್ಲಿ ಎಂದು ಅವರೇ ಹೇಳಿ ಹೋಗಿದ್ದಾರೆ ಎಂದು. ಬಾಡಿಗೆ ಮನೆಗೆ ಹೆಣ ತರಲು ಯಾರು ಬಿಡುತ್ತಾರೆ ಎಂದು ಅವರಲ್ಲಿ ಒಬ್ಬ ಕೇಳಿದ. ಅದು ನನಗೂ ಇದ್ದ ಹೆದರಿಕೆಯೇ. ಬಂದರಿಗೆ ಹೋಗಿ ಬ್ಯಾರಿಯವರನ್ನು ಕೇಳಿದೆ. ಅವರು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಇದೆಂತ ಕೇಳುವುದು? ಅವರು ಇದ್ದಾರೆ ಅಂತಲೇ ಅಲ್ವಾ ನಾನು ಮನೆ ಕೊಟ್ಟದ್ದು? ಕರಕೊಂಡು ಬನ್ನಿ."

ಇವತ್ತಿಗೂ ಯಾರಾದರೂ ಆಸ್ತಿಯ ಕಾಗದ ಹಿಡಿದು ನನ್ನ ಎದುರು ಕೂತರೆ, ಅವರಿಗೆ ಹಕ್ಕಿಲ್ಲ ಎಂದು ಹೇಳಬೇಕಾದಾಗ ನಾನು ಮೊದಲು ಒಂದು ಕಾಫಿ ತರಿಸುತ್ತೇನೆ. ಅದು ಮಾವನ ಋಣ.

ಆಸ್ಪತ್ರೆಗೆ ಸೇರಿಸಿದ ದಿನವೇ ತಂತಿ ಕೊಟ್ಟಿದ್ದರೂ ಅಣ್ಣ ಬೊಂಬಾಯಿಯಿಂದ ಬಂದು ತಲುಪಲು ಮರುದಿನ ಬೆಳಗಾಗಬೇಕಿತ್ತು. ಹಸಿರು ಬಾಗಿಲಿನ ಎರಡೂ ಪಡಿ ತೆಗೆದು ಮಾವನನ್ನು ಒಳಗೆ ಮಲಗಿಸಿದೆವು. ಅತ್ತೆಯೂ ಮಕ್ಕಳೂ ಬಂದು ಪಕ್ಕದಲ್ಲಿ ಕೂತರು. ಸಂಜೆಯ ಬಸ್ಸು ಎಂದಿನ ಹಾಗೆ ಚರ್ಚಿನ ಹತ್ತಿರ ನಿಂತು, ಹಂಪನಕಟ್ಟೆಯ ಕಡೆಗೆ ಹೊರಟುಹೋಯಿತು. ಆ ದಿನ ಮಾವ ನಮ್ಮ ಮನೆಯಲ್ಲಿ ಉಳಿದರು.